ಒಂದು ಪ್ರಾರ್ಥನೆ, ಎರಡು ತಲೆ

ಕುರುಗೋಡಿನ ‘ಹೊಸಬೆಳಕು ಪ್ರಾರ್ಥನಾ ಮಂದಿರ’ದಲ್ಲಿ ಕೈಯಿರುವ ಕುರ್ಚಿ ಒಂದೇ ಒಂದು ಇತ್ತು. ಈ ದೇಶದ ಚುನಾವಣೆಗಳ ಚರಿತ್ರೆ ಬರೆಯುವವರು ಈ ಸಂಗತಿಗೆ ಸಲ್ಲಬೇಕಾದ ಮಹತ್ವವನ್ನು ಇದುವರೆಗೆ ಸಲ್ಲಿಸಿಲ್ಲ. ಪ್ರಜಾಪ್ರಭುತ್ವ, ಜಾತ್ಯತೀತತೆ, ಅಲ್ಪಸಂಖ್ಯಾತರ ಹಕ್ಕು ಎಂದು ಪುಟಗಟ್ಟಲೆ ಬರೆದವರು, ಮಿಕ್ಕ ಕುರ್ಚಿಗಳಿಗೆ ಕೈ ಇರಲಿಲ್ಲ ಎಂಬುದನ್ನು ಒಂದು ಅಡಿಟಿಪ್ಪಣಿಯಲ್ಲಾದರೂ ಹೇಳಬಹುದಿತ್ತು. ಮಿಕ್ಕವು ಶಾಮಿಯಾನದವನು ಹಳತಾದವೆಂದು ಬಿಟ್ಟುಕೊಟ್ಟ ಕೆಂಪು ಕುರ್ಚಿಗಳು. ಕೈಯಿರುವುದು ನೀಲಿ. ದೊಡ್ಡವರು ಬಂದರೆ ಅದರ ಮೇಲೆ ಟವೆಲ್ ಹಾಸಿ ಕೂರಿಸುವ ಪದ್ಧತಿ. ದೊಡ್ಡವರು ಬರುವುದೇ ಅಪರೂಪ, ಬಂದರೂ ಒಬ್ಬೊಬ್ಬರೇ ಬರುತ್ತಿದ್ದರು. ಹಾಗಾಗಿ ಒಂದು ಕುರ್ಚಿ ಸಾಲದು ಎಂದು ಯಾರಿಗೂ ಅನ್ನಿಸಿರಲಿಲ್ಲ.

ಆ ಮಂದಿರದ ಪಾಸ್ಟರ್ ದಾನಿಯೇಲ್ ಹುಲಿಗೇಶ. ತಾಯಿ ಪಾರಮ್ಮ ಹುಲಿಗೆಮ್ಮನಿಗೆ ಹರಕೆ ಹೊತ್ತು ಹೆತ್ತ ಮಗನಾದ್ದರಿಂದ ಹುಲಿಗೇಶ. ಮುಂದೆ ತಾಯಿಯೂ ಮಗನೂ ಒಂದೇ ದಿನ ಕಾಲುವೆಯಲ್ಲಿ ದೀಕ್ಷಾಸ್ನಾನ ಮಾಡಿಸಿಕೊಂಡ ಮೇಲೆ ದಾನಿಯೇಲ. ಪಾರಮ್ಮ ಮಾತ್ರ ಹೊಸ ಹೆಸರು ಬೇಡವೆಂದಿದ್ದಳು. ದೇವರಿಗೆ ತನ್ನ ಹೆಸರು ಗೊತ್ತಿರಲಿಕ್ಕೇ ಬೇಕು, ಇಲ್ಲದಿದ್ದರೆ ಕರೆದದ್ದು ಯಾರನ್ನು ಎಂಬುದು ಅವಳ ವಾದ. ಸಿಂಹಗಳ ಗವಿಯಿಂದ ಬದುಕಿ ಬಂದವನ ಹೆಸರಿನ ಪಕ್ಕದಲ್ಲಿ ಹುಲಿಯನ್ನೂ ಕಟ್ಟಿಕೊಂಡವನು ಜಿಲ್ಲೆಯಲ್ಲಿ ತಾನೊಬ್ಬನೇ ಎಂದು ಹುಲಿಗೇಶನೂ ಆಗಾಗ ಹೇಳಿಕೊಂಡು ನಗುತ್ತಿದ್ದ.

ಅವನ ಪ್ರಾರ್ಥನೆಗೆ ಸುತ್ತಮುತ್ತ ಹೆಸರಿತ್ತು. ಹೆಸರು ಬಂದದ್ದು ಅದರ ಉದ್ದದಿಂದ. ಮಗುವಿಗೆ ಜ್ವರವಿರಲಿ, ಬೋರ್‌ವೆಲ್ಲಿಗೆ ನೀರು ಬರಬೇಕಿರಲಿ, ಅವನು ತಲೆಯ ಮೇಲೆ ಕೈಯಿಟ್ಟು ಲೋಕದ ಸೃಷ್ಟಿಯಿಂದಲೇ ಹೊರಡುತ್ತಿದ್ದ. ಜಲಪ್ರಳಯ ದಾಟಿ, ಕೆಂಪು ಸಮುದ್ರ ದಾಟಿ, ಕುಡತಿನಿಯ ಕರೆಂಟ್ ಕಾರ್ಖಾನೆಯ ಬೂದಿ ದಾಟಿ ಕುರುಗೋಡಿಗೆ ಬಂದು ಮುಟ್ಟುವಷ್ಟರಲ್ಲಿ ಮನೆಯಲ್ಲಿ ಒಲೆಯ ಮೇಲಿಟ್ಟು ಬಂದ ಅನ್ನ ಸೀದಿರುತ್ತಿತ್ತು. ಇಷ್ಟೂ ಹೊತ್ತು ಸಭೆಯಲ್ಲಿ ಯಾರೂ ಕಣ್ಣು ತೆರೆಯಬಾರದು. ಇದು ಅವನ ಸಭೆಯ ಕಟ್ಟುನಿಟ್ಟಾದ ನಿಯಮ.

“ನಡುವ ಕಣ್ಣು ತೆಗ್ಯೋದು ಅಂದ್ರ ದೇವರು ಬಂದಾನೋ ಇಲ್ಲೋ ಅಂತ ಇಣುಕಿ ನೋಡಿದಂಗ,” ಎನ್ನುತ್ತಿದ್ದ. “ನೀವು ಬ್ಯಾಂಕಿಗಿ ರೊಕ್ಕ ಕಟ್ಟಿ ಕ್ಯಾಷಿಯರ್ ಮುಖ ನೋಡ್ಕೋತ ಕುಂದರತೀರೇನು?”

“ನಾ ಕುಂದರತೀನಿ,” ಎಂದು ಹಿಂದಿನಿಂದ ಪಾರಮ್ಮ ಹೇಳಿದ್ದು ಸಭೆಗೆಲ್ಲ ಕೇಳಿಸಿತ್ತು.

ರಾಜಕೀಯದಲ್ಲಿ ಹುಲಿಗೇಶನ ನಿಲುವು ಸರಳ. ತನ್ನ ಊರು ಪರಲೋಕ. ಕುರುಗೋಡು ಬಸ್ಸು ಬದಲಿಸುವ ನಿಲ್ದಾಣ. ನಿಲ್ದಾಣದಲ್ಲಿ ನಿಂತವನು ನಿಲ್ದಾಣದ ಆಡಳಿತ ಮಂಡಳಿಗೆ ಓಟು ಹಾಕುವುದಿಲ್ಲ. ಹಾಗಾಗಿ ಅವನು ಒಮ್ಮೆಯೂ ಮತಗಟ್ಟೆಯ ಮೆಟ್ಟಿಲು ಹತ್ತಿರಲಿಲ್ಲ. ಪಾರಮ್ಮ ಮಾತ್ರ ಒಂದು ಚುನಾವಣೆಯನ್ನೂ ತಪ್ಪಿಸಿದವಳಲ್ಲ. ಯಾರಿಗೆ ಹಾಕಿದೆ ಎಂದರೆ, “ನನಗೂ ದೇವರಿಗೂ ಬಿಟ್ಟದ್ದು” ಎನ್ನುವಳು. ಆ ಉತ್ತರಕ್ಕೆ ಮಗ ಎದುರಾಡುವಂತಿರಲಿಲ್ಲ. ಅದು ಅವನೇ ಭಾನುವಾರದ ಪ್ರಸಂಗದಲ್ಲಿ ಬೋಧಿಸಿದ ಮಾತು.

ಬಳ್ಳಾರಿ, ಸಿರುಗುಪ್ಪ, ಕುರುಗೋಡು ಸೀಮೆಯ ಸ್ವತಂತ್ರ ಸಭೆಗಳ ಪಾಸ್ಟರುಗಳಿಗೆ ಬಳ್ಳಾರಿಯಲ್ಲೊಂದು ಒಕ್ಕೂಟವಿತ್ತು. ತಿಂಗಳಿಗೊಮ್ಮೆ ಸೇರಿ, ಐಕ್ಯತೆಗಾಗಿ ಪ್ರಾರ್ಥಿಸಿ, ಬಿರಿಯಾನಿ ಉಂಡು, ಜಗಳವಾಡಿ ಚದುರುತ್ತಿದ್ದರು. ಲೋಕಸಭೆ ಚುನಾವಣೆ ಘೋಷಣೆಯಾದ ತಿಂಗಳು ಜಗಳ ಬಿರಿಯಾನಿಗೂ ಮೊದಲೇ ಶುರುವಾಯಿತು.

ಪಕ್ಷಗಳ ಹೆಸರು ಇಲ್ಲಿ ಬೇಡ. ದಿಲ್ಲಿಯಲ್ಲಿ ಆಳುತ್ತಿದ್ದದ್ದನ್ನು ದಿಲ್ಲಿ ಪಕ್ಷವೆಂದೂ ಬೆಂಗಳೂರಿನಲ್ಲಿ ಆಳುತ್ತಿದ್ದದ್ದನ್ನು ಬೆಂಗಳೂರು ಪಕ್ಷವೆಂದೂ ಕರೆದರೆ ಸಾಕು. ಒಕ್ಕೂಟದವರೂ ಹಾಗೆಯೇ ಕರೆಯುತ್ತಿದ್ದರು.

ಅಧ್ಯಕ್ಷರಾದ ರೆವರೆಂಡ್ ಡಾಕ್ಟರ್ ಚಿನ್ನಪ್ಪ ದಿಲ್ಲಿ ಪಕ್ಷದ ಕಡೆ. ಅವರ ಡಾಕ್ಟರ್ ಪದವಿ ಅಮೆರಿಕದಿಂದ ಅಂಚೆಯಲ್ಲಿ ಬಂದದ್ದು. ಬಳ್ಳಾರಿಯಲ್ಲಿ ಅವರಿಗೆ ಎರಡಂತಸ್ತಿನ ಮಂದಿರ, ಶಾಲೆ, ಹಾಸ್ಟೆಲ್ಲು. ಕಚೇರಿಯ ಗೋಡೆಯಲ್ಲಿ ಅಧಿಕಾರದಲ್ಲಿರುವವರ ಜೊತೆ ತೆಗೆಸಿಕೊಂಡ ಪಟ. ಮೊಳೆ ಹಳೆಯದು, ಪಟ ಆಗಾಗ ಹೊಸದು.

“ಅಧಿಕಾರ ಅನ್ನೋದು ದೇವರಿಂದ ಬರೋದು,” ಎಂದರು ಚಿನ್ನಪ್ಪ. “ಆತ ಯಾರಿಗಿ ಕೊಟ್ಟಾನೋ ಅವರ ಪಕ್ಕ ನಿಂದ್ರೋದು ನಮ್ಮ ವಿಧೇಯತೆ.”

ಎದುರಿಗೆ ಸಿರುಗುಪ್ಪದ ಪಾಸ್ಟರ್ ಎರ್ರಣ್ಣ ಕೂತಿದ್ದ. ಅಕ್ಕಿ ಗಿರಣಿಯಲ್ಲಿ ಮೂಟೆ ಹೊತ್ತು, ಆ ಬೆನ್ನಿನಲ್ಲೇ ಸಭೆ ಕಟ್ಟಿದವನು. ಶುಕ್ರವಾರದ ಉಪವಾಸ ಪ್ರಾರ್ಥನೆಯಲ್ಲಿ ನೆಲದ ಮೇಲೆ ಭಾರತದ ನಕ್ಷೆ ಹಾಸಿ, ದಿಲ್ಲಿ ಇರುವ ಕಡೆ ಎಣ್ಣೆ ಹಚ್ಚಿ ಅಳುತ್ತಿದ್ದ. ನಕ್ಷೆಯಲ್ಲಿ ದಿಲ್ಲಿ ಈಗ ಕಾಣುತ್ತಿರಲಿಲ್ಲ, ಎಣ್ಣೆಯ ಕಲೆ ಹರಿಯಾಣಕ್ಕೂ ಹಬ್ಬಿತ್ತು.

“ಏಮಣ್ಣಾ,” ಎಂದ ಎರ್ರಣ್ಣ, “ಎಲ್ಲಾರೂ ಫರೋಹ ರಾಜನ ಪಕ್ಕ ನಿಂತು ಫೋಟೋ ತಗಸ್ಕಂಡ್ರ ಸಮುದ್ರ ದಾಟೋರು ಯಾರು?”

“ನಿನಗೇನಪ, ನಾಲ್ಕು ಗೋಡಿ, ಒಂದು ಡೋಲಕ್. ನನಗ ಸಾಲಿ ಐತಿ, ಹಾಸ್ಟೆಲ್ ಐತಿ, ಹೊರದೇಶದ ಕಾಣಿಕಿಗಿ ದಿಲ್ಲಿ ಪರ್ಮಿಷನ್ ಬೇಕೈತಿ. ನಾ ಫರೋಹನ ಜೊತಿ ಚಾ ಕುಡೀಲೇಬೇಕು.”

“ಕುಡೀರಿ. ಸಕ್ರಿ ಎಷ್ಟು ಅಂತ ಆತನೇ ಕೇಳ್ಯಾನೇನು?”

ಹುಲಿಗೇಶ ಇಬ್ಬರ ನಡುವೆ ಕೂತು ಪರಲೋಕದ ಪೌರತ್ವದ ಬಗ್ಗೆ ಎರಡು ಮಾತು ಹೇಳಿದ. ಇಬ್ಬರೂ ಅವನನ್ನು ಮರುಕದಿಂದ ನೋಡಿದರು. ಆ ಮರುಕವೊಂದರಲ್ಲೇ ಒಕ್ಕೂಟದ ಐಕ್ಯತೆ ಆ ದಿನ ಕಂಡದ್ದು.

ಮನೆಗೆ ಬಂದರೆ ಪಾರಮ್ಮ ಬಾಗಿಲಲ್ಲೇ ಕಾದಿದ್ದಳು. ಅವಳಿಗೆ ಬೇಕಾದದ್ದು ಒಂದೇ ಸುದ್ದಿ: ಹೂಳುವ ಜಾಗ.

ಕುರುಗೋಡಿನಲ್ಲಿ ಎಲ್ಲರಿಗೂ ಮಣ್ಣಾಗುವ ಜಾಗವಿತ್ತು, ಹೊಸಬೆಳಕಿನವರಿಗೆ ಇರಲಿಲ್ಲ. ಹಳೆಯ ಕೇರಿಯ ಹಿರಿಯರು, “ನಮ್ಮವರೇ ಅದೀರಿ, ಬರ್ರಿ, ಆದ್ರ ಶಿಲುಬಿ ನಡಬ್ಯಾಡ್ರಿ, ಹಲಗಿ ಬಡಿಸ್ರಿ, ನಮ್ಮ ಪದ್ಧತಿ ಮಾಡ್ರಿ” ಎನ್ನುತ್ತಿದ್ದರು. ಆದ್ದರಿಂದ ಸತ್ತವರನ್ನು ಟೆಂಪೋದಲ್ಲಿ ಬಳ್ಳಾರಿಗೆ ಒಯ್ಯಬೇಕು. ಪಾರಮ್ಮನ ಗಂಡನೂ ಹಾಗೆಯೇ ಹೋದವನು. ಅವನ ಗೋರಿಗೆ ಹೂವಿಡಲು ಅವಳು ಈಗಲೂ ಆಧಾರ್ ಕಾರ್ಡ್ ತೋರಿಸಿ ಬಿಟ್ಟಿ ಬಸ್ಸಿನಲ್ಲಿ ಬಳ್ಳಾರಿಗೆ ಹೋಗುತ್ತಿದ್ದಳು. ಬಾದನಹಟ್ಟಿ ರಸ್ತೆಯಲ್ಲಿ ಬೇವಿನ ಮರಗಳಿರುವ ಇಪ್ಪತ್ತು ಗುಂಟೆ ಸರ್ಕಾರಿ ಜಾಗವನ್ನು ತಾನೇ ನೋಡಿ ಬಂದಿದ್ದಳು. ಆ ಊರಿನಲ್ಲಿ ಬಂಡೆಯಿಲ್ಲದ ಇಪ್ಪತ್ತು ಗುಂಟೆ ಸಿಗುವುದೇ ಒಂದು ಅದ್ಭುತ. ಸಭೆಯವರು ಕೊಟ್ಟ ಅರ್ಜಿ ತಾಲ್ಲೂಕು ಕಚೇರಿಯಲ್ಲಿ ಕೂತಿತ್ತು. ಅದರ ಮೇಲೊಂದು ತಕರಾರೂ ಕೂತಿತ್ತು. ಅದನ್ನು ಹಾಕಿದವನು ದಿಲ್ಲಿ ಪಕ್ಷದ ಸ್ಥಳೀಯ ಮುಖಂಡ ಉಜ್ಜಿನಪ್ಪ.

“ನನ್ನ ಊರು ಪರಲೋಕ ಅಂತ ಹೇಳಿ ಬಂದೀಯೇನು ಅಲ್ಲಿ?” ಎಂದಳು ಪಾರಮ್ಮ.

“ಅಲ್ಲೇನವ್ವಾ ಮತ್ತ?”

“ಐತಪ್ಪ, ಇಲ್ಲ ಅಂದೋರು ಯಾರು? ಆದ್ರ ಅಲ್ಲಿಗಿ ಹೋಗೋ ಬಸ್ಸು ಎಲ್ಲಿ ನಿಂದ್ರತೈತಿ ಅಂತ ಒಂದು ಜಾಗ ಬೇಕಲ್ಲ. ನಾ ಸತ್ತ ಮ್ಯಾಲ ಬಳ್ಳಾರಿಗಿ ಟೆಂಪೋದಾಗ ಕುಲುಕ್ಯಾಡಿಕೋತ ಹೋಗಾಕಿ ಅಲ್ಲ. ಹೇಳಿಟ್ಟೀನಿ.”

“ಹಂಗಂದ್ರ?”

“ಹಂಗಂದ್ರ ಜಾಗ ಸಿಗೋತನಕ ನಾ ಸಾಯಾಂಗಿಲ್ಲ.”

ಹುಲಿಗೇಶನ ಹೆಂಡತಿ ನೀಲಾವತಿ ಒಳಗಿನಿಂದ, “ಹಂಗಾರ ಜಾಗ ಸಿಗದಿರಲಿ ಅಂತ ಪ್ರಾರ್ಥನಿ ಮಾಡ್ಬೇಕಾಗ್ತದ ನಾವು” ಎಂದಳು. ಪಾರಮ್ಮ ನಗಲಿಲ್ಲ. ಅವಳ ಎದೆಯಲ್ಲಿ ಒಂದು ನೋವು ಬಂದು ಹೋಗುತ್ತಿತ್ತು. ಅದನ್ನು ಅವಳು ಹೇಳಿರಲಿಲ್ಲ, ಆದರೆ ಮಗನಿಗೆ ಗೊತ್ತಿತ್ತು. ಮೆಟ್ಟಿಲ ಮೇಲೆ ನಿಂತು ಉಸಿರು ಎಳೆದುಕೊಳ್ಳುವುದನ್ನು ಅವನು ಎರಡು ಸಲ ನೋಡಿದ್ದ. ಆ ರಾತ್ರಿ ಅವನ ಪರಲೋಕದ ಪೌರತ್ವ ಸ್ವಲ್ಪ ಸಡಿಲವಾಯಿತು. ಬೆಳಿಗ್ಗೆ ಚಿನ್ನಪ್ಪನವರಿಗೆ ಫೋನು ಮಾಡಿ, “ಅಣ್ಣಾ, ನಿಮ್ಮ ಕ್ಯಾಂಡಿಡೇಟು ನಮ್ಮ ಮಂದಿರಕ್ಕ ಬಂದ್ರ ಆ ತಕರಾರು ತಗೀತಾನೇನು?” ಎಂದು ಕೇಳಿದ.

ಚಿನ್ನಪ್ಪನವರಿಗೆ ದಾರಿ ತಪ್ಪಿದ ಕುರಿ ಸಿಕ್ಕಷ್ಟು ಸಂತೋಷವಾಯಿತು. ದಿಲ್ಲಿ ಪಕ್ಷದ ಅಭ್ಯರ್ಥಿ ಉಚ್ಚೆಂಗೆಪ್ಪ ಬರುವ ಭಾನುವಾರ ಹತ್ತಕ್ಕೆ ಬರುತ್ತಾರೆಂದು ಗೊತ್ತುಮಾಡಿದರು. ಪ್ರಾರ್ಥನಾ ಮಂದಿರದಲ್ಲಿ ಪ್ರಚಾರ ಮಾಡುವುದು ನಿಯಮಕ್ಕೆ ವಿರುದ್ಧ, ಆದ್ದರಿಂದ ಇದು ಪ್ರಚಾರವಲ್ಲ, ಆಶೀರ್ವಾದ.

ಈ ಸುದ್ದಿ ಸಿರುಗುಪ್ಪ ಮುಟ್ಟಿದ್ದೇ ಎರ್ರಣ್ಣನ ಫೋನು ಬಂತು.

“ಏನಲೇ ಹುಲಿಗೇಶ, ತಕರಾರು ತಗಿಯೋನು ಆತ, ಖರೆ. ಜಾಗ ಕೊಡೋರು ಯಾರು? ತಹಸೀಲ್ದಾರ ಬೆಂಗಳೂರು ಕಡಿ ನೋಡತಾನೋ ದಿಲ್ಲಿ ಕಡಿ ನೋಡತಾನೋ?”

ಹುಲಿಗೇಶನಿಗೆ ಇದು ಹೊಳೆದಿರಲಿಲ್ಲ. ಪರಲೋಕದಲ್ಲಿ ಕಂದಾಯ ಇಲಾಖೆ ಇಲ್ಲ. ಬೆಂಗಳೂರು ಪಕ್ಷದ ಅಭ್ಯರ್ಥಿ ಅಮರೇಶ್ ಅದೇ ಭಾನುವಾರ ಹನ್ನೆರಡಕ್ಕೆ ಬರುವುದೆಂದು ಗೊತ್ತಾಯಿತು.

“ಇಬ್ಬರನ್ನೂ ಒಂದ ದಿನ ಕರದೀರಿ?” ಎಂದಳು ನೀಲಾವತಿ.

“ಒಬ್ಬರಿಗಿ ಹತ್ತು, ಒಬ್ಬರಿಗಿ ಹನ್ನೆರಡು. ಎರಡು ತಾಸು ಅಂತರ ಐತಿ.”

“ನಿಮ್ಮ ಪ್ರಾರ್ಥನಿ ಸುಮಾರು ಎಷ್ಟೊತ್ತು ಹಿಡಿತೈತಿ ಅಂತ ನಿಮಗ ಅಂದಾಜು ಐತೇನು?”

“ಸಣ್ಣದು ಮಾಡ್ತೀನಿ. ಇನ್ನೊಂದು ಮಾತು, ಯಾರ ಜಯನೂ ಬೇಡಾಂಗಿಲ್ಲ. ‘ಇವರಿಗಿ ಒಳ್ಳೇದು ಮಾಡು’ ಅಂತ ಬೇಡ್ತೀನಿ, ಅಷ್ಟ. ಒಳ್ಳೇದು ಅಂದ್ರ ಸೋಲೂ ಇರಬೌದು. ಅದು ದೇವರಿಗಿ ಬಿಟ್ಟದ್ದು.”

ಈ ಸೂತ್ರವನ್ನು ಕಂಡುಹಿಡಿದದ್ದಕ್ಕೆ ಅವನಿಗೆ ತನ್ನ ಮೇಲೆಯೇ ಗೌರವ ಹುಟ್ಟಿತ್ತು.

ಭಾನುವಾರ ಬಿಸಿಲು ಹತ್ತಕ್ಕೇ ತಗಡಿನ ಮೇಲೆ ಕೂತಿತ್ತು. ಆರಾಧನೆ ಮುಗಿದು, ಹಾಡು ಮುಗಿದು, ಮತ್ತೆ ಹಾಡಿಸಿದರೂ ಉಚ್ಚೆಂಗೆಪ್ಪ ಬರಲಿಲ್ಲ. ಎರಡೂ ಕೈ ಮೇಲೆತ್ತಿ ಹಾಡುವ ಹೆಂಗಸರನ್ನು ಚುನಾವಣಾ ಆಯೋಗದ ವಿಡಿಯೋದವನು ಬಾಗಿಲಲ್ಲಿ ನಿಂತು ಅನುಮಾನದಿಂದ ಚಿತ್ರಿಸಿಕೊಂಡು ಹೋದ. ಹನ್ನೆರಡಕ್ಕೆ ಸ್ವಲ್ಪ ಮೊದಲು ಗಾಡಿಗಳ ಸದ್ದಾಯಿತು. ಬಸವೇಶ್ವರ ಗುಡಿಯಿಂದ ನೇರ ಬಂದಿದ್ದ ಉಚ್ಚೆಂಗೆಪ್ಪನವರ ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು. ಹಿಂದೆ ಚಿನ್ನಪ್ಪನವರು. ಅವರ ಹಿಂದೆ ಶಾಲು ಹಿಡಿದ ಉಜ್ಜಿನಪ್ಪ. ಹೋದ ವರ್ಷ ಮತಾಂತರ ನಡೆಯುತ್ತಿದೆ ಎಂದು ಗುಂಪು ಕಟ್ಟಿಕೊಂಡು ಬಂದು ಇದೇ ಬಾಗಿಲಲ್ಲಿ ಘೋಷಣೆ ಕೂಗಿದವನು ಅವನೇ.

“ಬರ್ರಿ ಉಜ್ಜಿನಪ್ಪ,” ಎಂದಳು ನೀಲಾವತಿ. “ಹೋದ ವರ್ಷ ಬಂದಾಗ ಒಳಗ ಬರಲೇ ಇಲ್ಲ ನೀವು. ಬಾಗ್ಲಾಗ ನಿಂತು ಹೊಂಟು ಹೋದ್ರಿ. ನೀರಾದರೂ ಕುಡೀರಿ ಈಗ.”

“ಅದು ಬ್ಯಾರೆ ಕಾರ್ಯಕ್ರಮ ಇತ್ತಕ್ಕಾ,” ಎಂದ ಉಜ್ಜಿನಪ್ಪ.

ಉಚ್ಚೆಂಗೆಪ್ಪನವರು ನೀಲಿ ಕುರ್ಚಿಯಲ್ಲಿ ಕೂತರು. ಅವರ ತಲೆ ಬೋಳು. ಕಿವಿಯ ಹಿಂದೆ ಒಂದು ಎಳೆ ಕೂಡ ಇಲ್ಲದ, ಸಾಣೆ ಹಿಡಿದ ಬೋಳು. ಬಿಸಿಲಿನಲ್ಲಿ ತೆರೆದ ಜೀಪಿನಲ್ಲಿ ಬಂದದ್ದರಿಂದ ಹೆಂಚಿನಂತೆ ಕಾದಿತ್ತು. ಹುಲಿಗೇಶ ಅದರ ಮೇಲೆ ಅಂಗೈಯಿಟ್ಟ, ಸುಟ್ಟಿತು, ತೆಗೆಯಲಿಲ್ಲ. ಕಣ್ಣು ಮುಚ್ಚಿದ. ಸಭೆ ಕಣ್ಣು ಮುಚ್ಚಿತು. ಚಿನ್ನಪ್ಪನವರೂ ಮುಚ್ಚಿದರು.

ಆದಿಯಲ್ಲಿ ಕತ್ತಲಿತ್ತು, ಬೆಳಕಾಯಿತು. ಹಡಗು ಕಟ್ಟಿಯಾಯಿತು, ಮಳೆ ಬಂದು ಬಿಟ್ಟಿತು. ಸಣ್ಣದು ಮಾಡುತ್ತೇನೆಂದದ್ದು ಹುಲಿಗೇಶನಿಗೆ ನೆನಪಿತ್ತು. ಆದರೆ ಹಡಗಿನಲ್ಲಿದ್ದ ಪ್ರಾಣಿಗಳಲ್ಲಿ ಯಾವುದನ್ನು ಬಿಡುವುದು? ಕೆಂಪು ಸಮುದ್ರ ಬಂದಾಗ ಎರಡೂ ಕೈಗಳನ್ನು ಆಕಾಶಕ್ಕೆತ್ತುವುದು ಅವನ ರೂಢಿ. ಫರೋಹನಿಂದ ತಪ್ಪಿಸಿಕೊಂಡ ಇಸ್ರೇಲರಿಗೆ ದಾರಿಯಾಗಲು ನೀರು ಇಬ್ಭಾಗವಾಗಬೇಕಲ್ಲ. ಎತ್ತಿದ. ಅಂದರೆ ಉಚ್ಚೆಂಗೆಪ್ಪನವರ ತಲೆಯ ಮೇಲಿದ್ದ ಕೈಯೂ ಮೇಲೆ ಹೋಯಿತು.

ಆ ಹೊತ್ತಿಗೆ ಸರಿಯಾಗಿ ಉಜ್ಜಿನಪ್ಪನ ಫೋನು ನಡುಗಿತು. ದಿಲ್ಲಿಯ ನಾಯಕರ ಹೆಲಿಕಾಪ್ಟರು ಹೇಳಿದ್ದಕ್ಕಿಂತ ಮೊದಲೇ ಬಳ್ಳಾರಿಯಲ್ಲಿ ಇಳಿಯುತ್ತಿತ್ತು. ಉಜ್ಜಿನಪ್ಪ ಕಿವಿಯಲ್ಲಿ ಹೇಳಿದ. ಉಚ್ಚೆಂಗೆಪ್ಪನವರು ಪಾಸ್ಟರನ್ನು ನೋಡಿದರು. ಇಸ್ರೇಲರು ಆಗಷ್ಟೇ ನೀರಿಗಿಳಿದಿದ್ದರು, ಆಚೆ ದಡ ದೂರವಿತ್ತು. ಪ್ರಾರ್ಥನೆ ಕೆಡಿಸಬಾರದೆಂಬ ಸಜ್ಜನಿಕೆಯಿಂದ ಅವರು ತುದಿಗಾಲಲ್ಲಿ ಎದ್ದು, ಕೈಮುಗಿದು, ಹೊರಗೆ ಹೋದರು. ಗಾಡಿಗಳು ಹೊರಟವು.

ಅವು ತಿರುವಿನಲ್ಲಿ ಮರೆಯಾಗುತ್ತಿದ್ದಂತೆ ಇನ್ನೊಂದು ಕಡೆಯಿಂದ ಅಮರೇಶನ ಗಾಡಿಗಳು ಬಂದವು. ಚುನಾವಣೆಯಲ್ಲಿ ಹೇಳಿದ ಹೊತ್ತಿಗೆ ಬರುವ ಅಭ್ಯರ್ಥಿ ಇರುವುದಿಲ್ಲವೆಂದು ನಂಬಿದ್ದ ಹುಲಿಗೇಶನ ಲೆಕ್ಕಕ್ಕೆ ಅವನೊಬ್ಬ ಅಪವಾದ. ಅವನ ಜೊತೆ ಬಂದ ಎರ್ರಣ್ಣ ಬಾಗಿಲಲ್ಲಿ ಕಾಲಿಟ್ಟ, ಪ್ರಾರ್ಥನೆ ನಡೆಯುತ್ತಿರುವುದು ಕೇಳಿದ, ಹಳೆಯ ಅಭ್ಯಾಸದಿಂದ ನಿಂತಲ್ಲೇ ಕಣ್ಣು ಮುಚ್ಚಿಬಿಟ್ಟ. ಹೀಗೆ ವಿಷಯ ಗೊತ್ತಿದ್ದವರೆಲ್ಲರ ಕಣ್ಣು ಮುಚ್ಚಿತ್ತು. ಕಣ್ಣು ತೆರೆದಿದ್ದವರಿಗೆ ವಿಷಯ ಗೊತ್ತಿರಲಿಲ್ಲ.

ಅಮರೇಶ ನೋಡಿದ: ಪಾಸ್ಟರು ಕೈಯೆತ್ತಿ ನಿಂತಿದ್ದಾರೆ, ಮುಂದೆ ಟವೆಲ್ ಹಾಸಿದ ಕುರ್ಚಿ ಖಾಲಿಯಿದೆ. ತನಗಾಗಿ ಮೊದಲೇ ಶುರು ಮಾಡಿದ್ದಾರೆಂದು ಅವನ ಮನಸ್ಸು ತುಂಬಿ ಬಂತು. ಹೋಗಿ ಕೂತು ತಲೆ ಬಗ್ಗಿಸಿದ. ಅವನ ಸೋಷಿಯಲ್ ಮೀಡಿಯಾ ನೋಡಿಕೊಳ್ಳುವವನು ಫೋನು ಹಿಡಿದು ಲೈವ್ ಶುರುಮಾಡಿದ.

ಇಸ್ರೇಲರು ದಡ ಸೇರಿದರು. ಹುಲಿಗೇಶನ ಕೈ ಇಳಿಯಿತು.

ಇಳಿದ ಕೈಗೆ ಕೂದಲು ಸಿಕ್ಕಿತು. ದಟ್ಟವಾದ, ತಂಪಾದ, ಮಲ್ಲಿಗೆ ಎಣ್ಣೆ ಹಚ್ಚಿದ, ಸಿನಿಮಾ ನಾಯಕನಿಗೆ ಇರಬೇಕಾದಂಥ ಕೂದಲು. ಬೆರಳು ಸಿಕ್ಕಿಕೊಳ್ಳುವಷ್ಟು.

ಹುಲಿಗೇಶನ ನಾಲಿಗೆ ಸಮುದ್ರದಾಚೆಯ ಅರಣ್ಯದಲ್ಲೇ ನಿಂತುಬಿಟ್ಟಿತು. ಇಪ್ಪತ್ತು ವರ್ಷದ ಸೇವೆಯಲ್ಲಿ ಅವನು ಜ್ವರ ಇಳಿದದ್ದು ನೋಡಿದ್ದ, ಕುಡಿತ ಬಿಟ್ಟವರನ್ನು ನೋಡಿದ್ದ. ಆದರೆ ಜ್ವರ ಗುಳಿಗೆಯಿಂದಲೂ ಇಳಿಯುತ್ತದೆ ಎಂದು ಡಾಕ್ಟರು ಯಾವಾಗಲೂ ಒಂದು ಕೊಂಕು ತೆಗೆಯುತ್ತಿದ್ದರು. ಇದಕ್ಕೆ ಯಾವ ಡಾಕ್ಟರು ಏನು ಹೇಳುತ್ತಾನೆ? ಒಮ್ಮೆ ಬೆರಳಾಡಿಸಿ ಮತ್ತೆ ನೋಡಿದ. ಇತ್ತು. ಕಣ್ಣು ತೆರೆಯುವ ಆಸೆ ಗಂಟಲವರೆಗೆ ಬಂತು. ಆದರೆ ಇಣುಕಬಾರದೆಂದು ಇಷ್ಟು ವರ್ಷ ಬೋಧಿಸಿದವನು, ದೇವರು ನಿಜವಾಗಿಯೂ ಬಂದ ದಿನವೇ ಇಣುಕುವುದೇ? ಅವನ ಕಣ್ಣಿನಿಂದ ನೀರು ಹರಿಯಿತು. ಅದರ ಜೊತೆ ಅವನ ಸೂತ್ರವೂ ಹರಿದು ಹೋಯಿತು. ಒಂದು ತಲೆಗೆ ಇಷ್ಟು ಮಾಡಿದ ದೇವರು ಆ ತಲೆಯ ಪಕ್ಷಕ್ಕೇ ಇರಬೇಕು.

“ಕರ್ತನೇ,” ಎಂದು ಅವನು ಕೂಗಿದ ಸದ್ದು ರಸ್ತೆಗೆ ಕೇಳಿತು, “ನಿನ್ನ ಇಚ್ಛೆ ನನಗ ತಿಳೀತು. ಈ ನಿನ್ನ ದಾಸ ಉಚ್ಚೆಂಗೆಪ್ಪನಿಗಿ ಜಯ ಕೊಡು. ಲಕ್ಷದ ಮ್ಯಾಲ ಜಯ ಕೊಡು. ಇವನ ಎದುರಿಗಿ ನಿಂತವರು ಹೊಟ್ಟಿನಂಗ ಹಾರಿಹೋಗಲಿ.”

ಅಮರೇಶನಿಗೆ ಏನೋ ತಪ್ಪಿದಂತೆ ಅನ್ನಿಸಿ ಏಳಲು ನೋಡಿದ. ಕೈ ಒತ್ತಿತು. ಲೈವ್ ನಡೆಯುತ್ತಿತ್ತು. ಸಭೆಯೆಲ್ಲ “ಆಮೆನ್” ಎಂದಿತು. ಕ್ರೈಸ್ತರ ಮಾತುಗಳಲ್ಲಿ ಅಮರೇಶನಿಗೆ ಬರುತ್ತಿದ್ದದ್ದು ಅದೊಂದೇ. ಗಾಬರಿಯಲ್ಲಿ ಅವನೂ ಗಟ್ಟಿಯಾಗಿ “ಆಮೆನ್” ಎಂದ.

ಎಲ್ಲರೂ ಕಣ್ಣು ತೆರೆದರು. ಚಿನ್ನಪ್ಪನವರು ಕುರ್ಚಿಯನ್ನು ನೋಡಿದರು. ಎರ್ರಣ್ಣ ಹುಲಿಗೇಶನನ್ನು ನೋಡಿದ. ಹುಲಿಗೇಶ ಕೂದಲನ್ನು ನೋಡಿದ, ಅದರ ಕೆಳಗಿನ ಮುಖವನ್ನು ನೋಡಿದ, ಮತ್ತೆ ಕೂದಲನ್ನು ನೋಡಿದ.

“ಇದು ಯಾವಾಗ ಆಯ್ತು?” ಎಂದು ಮಾತ್ರ ಕೇಳಿದ.

ಸಂಜೆಯೊಳಗೆ ಬಳ್ಳಾರಿ ಜಿಲ್ಲೆಯ ಫೋನುಗಳೆಲ್ಲ ಅದನ್ನು ನೋಡಿದ್ದವು. ಬೆಂಗಳೂರು ಪಕ್ಷದವರಿಗೆ ಆ ಪ್ರಾರ್ಥನೆಯ ಚಿತ್ರ ಸಿಕ್ಕಿತ್ತು, ದಿಲ್ಲಿ ಪಕ್ಷದವರಿಗೆ ಧ್ವನಿ ಸಿಕ್ಕಿತ್ತು. ಎರಡೂ ಕೂಡಿ ಯಾರಿಗೂ ಸಿಕ್ಕಿರಲಿಲ್ಲ. ಎರಡೂ ಕಡೆಯವರು ದೂರು ಕೊಟ್ಟರು. ಚುನಾವಣಾ ವೆಚ್ಚ ನೋಡಿಕೊಳ್ಳುವ ಅಧಿಕಾರಿಯೊಬ್ಬರು ಬಂದು ಮಂದಿರವನ್ನೂ ಕುರ್ಚಿಯನ್ನೂ ನೋಡಿದರು. ಕಾರ್ಯಕ್ರಮದ ವೆಚ್ಚವನ್ನು ತಲೆಯಿದ್ದವರ ಲೆಕ್ಕಕ್ಕೆ ಬರೆಯಬೇಕೋ ಹೆಸರಿದ್ದವರ ಲೆಕ್ಕಕ್ಕೆ ಬರೆಯಬೇಕೋ ಎಂಬುದಕ್ಕೆ ಕೈಪಿಡಿಯಲ್ಲಿ ಉತ್ತರ ಸಿಗದೆ, ಮೇಲಿನವರನ್ನು ಕೇಳುತ್ತೇನೆಂದು ಹೋದರು. ಮೇಲಿನವರು ಇನ್ನೂ ಯೋಚಿಸುತ್ತಿದ್ದಾರೆ.

ಒಕ್ಕೂಟದಲ್ಲಿ ಚಿನ್ನಪ್ಪನವರು ಹುಲಿಗೇಶನ ಮೇಲೆ ಹಾರಿದರು, ಎರ್ರಣ್ಣ ಚಿನ್ನಪ್ಪನವರ ಮೇಲೆ ಹಾರಿದ. “ನಿಮ್ಮ ಮನುಷ್ಯಾಗ ಸಮುದ್ರ ದಾಟೋತನಕ ಕುಂದ್ರಾಕ ಆಗಲಿಲ್ಲಲ್ಲ ಅಣ್ಣಾ,” ಎಂದ. “ನಿಮ್ಮ ಮನುಷ್ಯಾಗ ಖಾಲಿ ಕುರ್ಚಿ ಕಂಡ್ರ ತಡ್ಕಣಾಕ ಆಗಲಿಲ್ಲಲ್ಲ,” ಎಂದರು ಚಿನ್ನಪ್ಪ.

ಹುಲಿಗೇಶ ಮನೆಯಲ್ಲಿ ಗೋಡೆಗೆ ಮುಖ ಮಾಡಿ ಕೂತ. ಪ್ರಾರ್ಥನೆ ಹಾಳಾದದ್ದಕ್ಕಿಂತ ಅವನನ್ನು ಸುಟ್ಟದ್ದು ಜಾಗ ಹೋದದ್ದು. ಈಗ ದಿಲ್ಲಿಯವರು ತಕರಾರು ತೆಗೆಯುವುದಿಲ್ಲ, ಬೆಂಗಳೂರಿ­ನವರು ಮಂಜೂರಿ ಕೊಡುವುದಿಲ್ಲ. ಅವ್ವ ಟೆಂಪೋದಲ್ಲಿ ಕುಲುಕಾಡುತ್ತ ಬಳ್ಳಾರಿಗೆ ಹೋಗಬೇಕು.

“ಕೂದಲ ನನ್ನ ಕೈಯಿಗಿ ಹತ್ತಿತ್ತು, ನೀಲಾ,” ಎಂದ.

“ಹತ್ತಿತ್ತು ಬಿಡ್ರಿ. ಕೂದಲ ಸುಳ್ಳಲ್ಲ, ತಲಿ ಸುಳ್ಳು.”

ಪಾರಮ್ಮ ಮೂಲೆಯಲ್ಲಿ ಎಲೆಯಡಿಕೆ ಕುಟ್ಟುತ್ತಿದ್ದಳು. “ನಾ ನೋಡೀನಿ,” ಎಂದಳು.

“ಏನು ನೋಡಿದೀಬೇ?”

“ಎಲ್ಲಾ. ಬೋಳಾ ಎದ್ದು ಹೋಗಿದ್ದು, ಕೂದಲಪ್ಪ ಬಂದು ಕುಂತಿದ್ದು. ನಾ ಯಾವಾಗ ಕಣ್ಣು ಮುಚ್ಚೀನಿ? ಕಣ್ಣು ಆಪರೇಷನ್ ಮಾಡಿಸೀಯಲ್ಲ, ನೋಡಾಕಲ್ಲೇನು?”

“ಮತ್ತ ಅವಾಗ ಹೇಳಬಾರದಾಗಿತ್ತ?”

“ಯಾಕ ಹೇಳಲಿ? ಇಬ್ಬರಿಗಿ ಎರಡು ಸಲ ಸೃಷ್ಟಿ ಮಾಡ್ಕೋತ ನಿಂದ್ರತಿದ್ದಿ. ಒಂದರಾಗ ಇಬ್ಬರದೂ ಮುಗೀತು ಅಂತ ಸುಮ್ಮನ ಕುಂತೆ.”

ಮತದಾನ ಮುಗಿಯಿತು. ಆ ದಿನ ಹುಲಿಗೇಶ ಮೊದಲ ಸಲ ಮತಗಟ್ಟೆಗೆ ಹೋದ. ಯಾರಿಗೂ ಪಕ್ಷಪಾತ ಮಾಡಿಲ್ಲವೆಂದು ತೋರಿಸಲು ಅದೊಂದೇ ದಾರಿ ಎಂದು ನೀಲಾವತಿ ಹೇಳಿದ್ದಳು. ಸಾಲಿನಲ್ಲಿ ನಿಂತವರೊಬ್ಬರು, “ಪಾಸ್ಟರ್, ಇಲ್ಲಾದ್ರೂ ಕಣ್ಣು ತಗದು ಒತ್ತ್ರಿ” ಎಂದರು. ಅವನು ತಲೆ ತಗ್ಗಿಸಿಕೊಂಡು ಒಳಗೆ ಹೋದ.

ಮತ ಹಾಕಿದ್ದಕ್ಕೂ ಎಣಿಸುವುದಕ್ಕೂ ನಡುವೆ ಆ ಸಲ ಬಹಳ ದಿನಗಳ ಅಂತರವಿತ್ತು. ಅಭ್ಯರ್ಥಿಗಳು ಯಾವ ದೇವರನ್ನೂ ಬಿಡದ ದಿನಗಳು ಅವು. ಗುಡಿ, ದರ್ಗಾ, ಮಠ, ಹಾವಿನ ಹುತ್ತ, ಎಲ್ಲ ಕಡೆಯೂ ಗಾಡಿ ನಿಲ್ಲುತ್ತದೆ. ಪಾರಮ್ಮ ಅದೇ ಹೊತ್ತು ನೋಡಿ, ಸೊಸೆಯನ್ನು ಕರೆದುಕೊಂಡು ಸಿರುಗುಪ್ಪದ ಬಸ್ಸು ಹತ್ತಿದಳು. ಮಗನಿಗೆ ಹೇಳಲಿಲ್ಲ.

ಅಲ್ಲಿ ಮನೆಯಲ್ಲಿ ಸಿಕ್ಕ ಅಮರೇಶನ ಮುಖ ಗಂಟಿಕ್ಕಿತ್ತು. “ಅಜ್ಜಿ, ನಿನ್ನ ಮಗ ನನ್ನ ತಲಿ ಮ್ಯಾಲೆ ಕೈ ಇಟ್ಟು ಅವನ ಹೆಸರು ಹೇಳ್ಯಾನ. ಊರ ಮಂದಿ ನಗಾಕ ಹತ್ತ್ಯಾರ.”

“ಹೆಸರು ಯಾವುದಾರ ಇರಲಪ್ಪ, ಕೈ ಎಲ್ಲಿತ್ತು?” ಎಂದಳು ಪಾರಮ್ಮ. “ಡಾಕ್ಟರು ಚೀಟ್ಯಾಗ ಯಾರ ಹೆಸರು ಬರದ್ರೇನು, ಇಂಜೆಕ್ಷನ್ನು ಯಾರ ಮೈಗಿ ಚುಚ್ಚಿದ್ರೋ ಅವರಿಗೇ ಹತ್ತತೈತಿ. ಅಷ್ಟೂ ಆಶೀರ್ವಾದ ನಿನ್ನ ಮೈಯಾಗ ಇಳದೈತಿ. ಅದನ್ನ ಕೆಡಿಸ್ಕಬ್ಯಾಡ. ಆ ಉಚ್ಚೆಂಗೆಪ್ಪ ಜಾಗ ತಾನ ಕೊಡಿಸ್ತೀನಿ ಅಂತ ಓಡ್ಯಾಡಾಕ ಹತ್ಯಾನ. ಕೊಡಿಸಿದ್ನಂದ್ರ ಪುಣ್ಯ ಆ ಕಡಿ ಹೊಳ್ಳತೈತಿ.”

ಅಮರೇಶ ತನ್ನ ಕೂದಲನ್ನು ಒಮ್ಮೆ ಮುಟ್ಟಿ ನೋಡಿಕೊಂಡ. ನೀತಿ ಸಂಹಿತೆ ಮುಗಿದ ಕೂಡಲೇ ತಾಲ್ಲೂಕು ಕಚೇರಿಗೆ ಹೇಳಿಸುತ್ತೇನೆಂದ.

ಮರುದಿನ ಬಳ್ಳಾರಿ. ಉಚ್ಚೆಂಗೆಪ್ಪನವರ ಮನೆಯ ಜಗಲಿ. ಪಕ್ಕದಲ್ಲಿ ಉಜ್ಜಿನಪ್ಪ.

“ಹೆಸರು ನಂದು ಹೇಳಿದ್ದು ಖರೆ,” ಎಂದರು ಉಚ್ಚೆಂಗೆಪ್ಪ. “ಆದ್ರ ಕೈ ಅವನ ತಲಿ ಮ್ಯಾಲಿತ್ತಲ್ಲಮ್ಮ.”

“ಕೈ ಎಲ್ಲಿದ್ರೇನು ಸಾಹೇಬ್ರ,” ಎಂದಳು ಪಾರಮ್ಮ. “ಮನಿಯಾರ್ಡರ್ ಯಾರ ಕೈಯಾಗ ಕೊಟ್ರೂ ಮುಟ್ಟೋದು ಹೆಸರಿದ್ದವರಿಗೇ. ಮ್ಯಾಲಿದ್ದಾತ ಹೆಸರು ನೋಡ್ತಾನ. ಈಗ ಆ ಅಮರೇಶ ಜಾಗ ಮಂಜೂರಿ ಮಾಡಿಸಿ ಹೆಸರು ಬದಲಿ ಮಾಡ್ಕಣಾಕ ಹೊಂಟಾನ. ನಿಮ್ಮದೊಂದು ತಕರಾರು ಅಡ್ಡ ಐತಿ. ದೇವರ ಮುಂದ ನಿಮ್ಮ ಹೆಸರು ಎರಡು ಕಡಿ ಐತಿ ನೋಡ್ರಿ: ಒಂದು ಪ್ರಾರ್ಥನ್ಯಾಗ, ಒಂದು ತಕರಾರಿನಾಗ. ಆತ ಯಾವುದು ಮೊದಲು ಓದ್ತಾನೋ.”

ಉಚ್ಚೆಂಗೆಪ್ಪನವರು ಉಜ್ಜಿನಪ್ಪನ ಕಡೆ ನೋಡಿದರು. ಉಜ್ಜಿನಪ್ಪ, “ಅದು ಬ್ಯಾರೆ ಕಾರ್ಯಕ್ರಮ ಇತ್ತು ಸರ್” ಎಂದ. ವಾರದೊಳಗೆ ತಕರಾರು ವಾಪಸಾಯಿತು.

ಬಸ್ಸಿನಲ್ಲಿ ಮರಳುವಾಗ ನೀಲಾವತಿ, “ಅತ್ತಿ, ಎರಡರಾಗ ಖರೆ ಯಾವುದು? ಕೈಯೋ ಹೆಸರೋ?” ಎಂದು ಕೇಳಿದಳು.

“ನನಗೇನು ಗೊತ್ತು? ನಿನ್ನ ಗಂಡ ಪಾಸ್ಟರು. ಅವನ್ನ ಕೇಳು,” ಎಂದಳು ಪಾರಮ್ಮ, ಕಿಟಕಿಯ ಕಡೆ ತಿರುಗಿ ಎದೆ ನೀವಿಕೊಳ್ಳುತ್ತ.

ಎಣಿಕೆಯಲ್ಲಿ ಇಬ್ಬರಲ್ಲೊಬ್ಬರು ಗೆದ್ದರು. ಗೆದ್ದವರು ಅದಕ್ಕೆ ಕಾರಣ ಕುರುಗೋಡಿನ ಪ್ರಾರ್ಥನೆ ಎಂದರು. ಸೋತವರೂ ಅದೇ ಕಾರಣ ಹೇಳಿದರು. ಚಿನ್ನಪ್ಪನವರ ಗೋಡೆಯ ಮೊಳೆಗೆ ಗೆದ್ದವರ ಪಟ ಏರಿತು. ಎರ್ರಣ್ಣ ಹೊಸ ನಕ್ಷೆ ಕೊಂಡ. ಹುಲಿಗೇಶ ಮುಂದಿನ ಭಾನುವಾರದ ಪ್ರಸಂಗದಲ್ಲಿ, ದೇವರ ದಾರಿಗಳು ನಮಗೆ ಅರ್ಥವಾಗುವುದಿಲ್ಲ ಎಂದು ಹೇಳಿ, ಅವ್ವನ ಕಡೆ ನೋಡದೆ ಕಣ್ಣು ಮುಚ್ಚಿದ.

ಮಳೆಗಾಲ ಮುಗಿಯುವ ಮೊದಲು ಬಾದನಹಟ್ಟಿ ರಸ್ತೆಯ ಇಪ್ಪತ್ತು ಗುಂಟೆ ಮಂಜೂರಾಯಿತು. ಸುತ್ತ ತಂತಿ ಬೇಲಿ ಹಾಕಿದ್ದಾರೆ. ಇದುವರೆಗೆ ಅಲ್ಲಿ ಯಾರನ್ನೂ ಹೂಳಿಲ್ಲ.